ಪ್ರತಿಭೆ ಎಲ್ಲ ಮನೆಯಲ್ಲೂ, ಮನ್ನಣೆ ಕೆಲವು ಮನೆಗೆ

ಪ್ರತಿಭಾ ಕಾರಂಜಿಯ ದಿನ. ಕ್ಲಸ್ಟರ್ ಮಟ್ಟದ ಸ್ಪರ್ಧೆಗೆ ಸುತ್ತಲಿನ ಶಾಲೆಗಳ ಮಕ್ಕಳೆಲ್ಲ ಬಂದಿದ್ದಾರೆ. ಶಾಮಿಯಾನದ ಕೆಳಗೆ ಮೈಕಿನ ಸದ್ದು, ಪಕ್ಕದ ಕೊಠಡಿಯಲ್ಲಿ ಛದ್ಮವೇಷದ ತಯಾರಿ. ಒಬ್ಬ ಹುಡುಗನ ಜೊತೆ ಅಪ್ಪ, ಅಮ್ಮ ಇಬ್ಬರೂ ರಜೆ ಹಾಕಿ ಬಂದಿದ್ದಾರೆ. ನಾಟಕದ ಡ್ರೆಸ್ ಅಂಗಡಿಯಿಂದ ಬಾಡಿಗೆಗೆ ತಂದ ಕಿರೀಟ, ಭುಜಕೀರ್ತಿ, ಗದೆ. ಬಣ್ಣ ಹಚ್ಚಲು ಮೇಕಪ್‌ನವರು. ಅಮ್ಮ ವಾರದಿಂದ ಬಾಯಿಪಾಠ ಮಾಡಿಸಿದ ಡೈಲಾಗು. ಅದೇ ಕೊಠಡಿಯ ಮೂಲೆಯಲ್ಲಿ ಇನ್ನೊಬ್ಬ ಹುಡುಗಿ. ಅಜ್ಜಿಯ ಸೀರೆ ಸುತ್ತಿಕೊಂಡು, ತಲೆಯ ಮೇಲೆ ಸಿಂಬಿ ಇಟ್ಟು, ಬುಟ್ಟಿ ಹೊತ್ತು ತರಕಾರಿ ಮಾರುವವಳಾಗಿದ್ದಾಳೆ. ಸೀರೆಗೆ ಪಿನ್ನು ಹಾಕಿಕೊಟ್ಟದ್ದು ಟೀಚರ್. ಮಾತನ್ನು ಯಾರೂ ಬರೆದುಕೊಟ್ಟಿಲ್ಲ. ಸಂತೆಯಲ್ಲಿ ಅವ್ವನ ಪಕ್ಕ ಕೂತು ಕೇಳಿದ್ದನ್ನೇ ಆಡುತ್ತಾಳೆ.

ತೀರ್ಪುಗಾರರು ವೇಷಭೂಷಣಕ್ಕೆ ಇಷ್ಟು, ಮಾತಿಗೆ ಇಷ್ಟು, ಅಭಿನಯಕ್ಕೆ ಇಷ್ಟು ಎಂದು ಅಂಕ ಹಾಕುತ್ತಾರೆ. ಕಿರೀಟದ ಹುಡುಗ ತಾಲ್ಲೂಕು ಮಟ್ಟಕ್ಕೆ ಆಯ್ಕೆಯಾಗುತ್ತಾನೆ. ಇಲ್ಲಿ ಯಾರೂ ಮೋಸ ಮಾಡಿಲ್ಲ. ಹುಡುಗ ನಿಜಕ್ಕೂ ಚೆನ್ನಾಗಿಯೇ ಮಾಡಿದ. ಆದರೆ ಅವನಿಗೆ ಬಂದ ಅಂಕದಲ್ಲಿ ಮಗುವಿನ ಪಾಲು ಎಷ್ಟು, ಮನೆಯ ಪಾಲು ಎಷ್ಟು ಎಂದು ಹೇಳುವ ಕಾಲಂ ಆ ಹಾಳೆಯಲ್ಲಿಲ್ಲ.

ಹೀಗಾಗುವುದು ಒಂದು ಸ್ಪರ್ಧೆಯಲ್ಲಿ ಮಾತ್ರವಲ್ಲ. ಸಂಗೀತ, ಚೆಸ್, ಗಣಿತ, ವಿಜ್ಞಾನ, ವಸತಿ ಶಾಲೆಯ ಪ್ರವೇಶ ಪರೀಕ್ಷೆ, ಸ್ಕಾಲರ್‌ಶಿಪ್ ಹೀಗೆ ಪ್ರತಿಭೆಯನ್ನು ಹುಡುಕುತ್ತೇವೆ ಎಂದು ನಾವು ನಂಬಿರುವ ಎಲ್ಲ ಕಡೆ ಮನೆತನದ ಅನುಕೂಲ ತನ್ನ ಪಾಲನ್ನು ಪಡೆದೇ ಪಡೆಯುತ್ತದೆ.

ಗುರುತಾಗಲು ಏನೇನು ಬೇಕು

ಮಗುವಿನಲ್ಲಿ ಪ್ರತಿಭೆ ಇದ್ದರೆ ಅದು ತಾನಾಗಿಯೇ ಹೊರಬರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ವಾಸ್ತವದಲ್ಲಿ ಅದಕ್ಕೆ ಹಲವು ಮೆಟ್ಟಿಲು ದಾಟಬೇಕು. ಮೊದಲು ಆ ವಿದ್ಯೆ ಮಗುವಿನ ಕಣ್ಣಿಗೆ ಬೀಳಬೇಕು. ಹಾರ್ಮೋನಿಯಂ ಮುಟ್ಟದ ಮಗುವಿಗೆ ತನ್ನ ಬೆರಳು ಏನು ಮಾಡಬಲ್ಲದು ಎಂದು ತಿಳಿಯುವುದಿಲ್ಲ. ಆಮೇಲೆ ಬೆಲೆ ತಿಳಿದವರು ಯಾರಾದರೂ ಅದನ್ನು ನೋಡಬೇಕು. ನೋಡಿದವರು ಇಂಥಲ್ಲಿಗೆ ಕರೆದುಕೊಂಡು ಹೋಗಿ ಎನ್ನಬೇಕು. ಕರೆದುಕೊಂಡು ಹೋಗಲು ಮನೆಯಲ್ಲಿ ಒಬ್ಬರಿಗೆ ಬಿಡುವಿರಬೇಕು, ಕೈಯಲ್ಲಿ ಹಣವಿರಬೇಕು. ಸೋತಾಗ ಇನ್ನೊಮ್ಮೆ ನೋಡೋಣ ಎನ್ನುವ ಧೈರ್ಯವಿರಬೇಕು.

2024ರಲ್ಲಿ ವಿಶ್ವ ಚೆಸ್ ಚಾಂಪಿಯನ್ ಆದ ಗುಕೇಶ್ ಅವರ ಕತೆ ಎಲ್ಲರಿಗೂ ಗೊತ್ತು. ಅವರ ತಂದೆ ಕಿವಿ, ಮೂಗು, ಗಂಟಲಿನ ತಜ್ಞ ವೈದ್ಯರು. ಮಗನ ಜೊತೆ ಟೂರ್ನಿಯಿಂದ ಟೂರ್ನಿಗೆ ತಿರುಗಲು ವೃತ್ತಿಯನ್ನೇ ಬಿಟ್ಟರು. ಮನೆ ನಡೆದದ್ದು ತಾಯಿಯ ಸಂಬಳದಲ್ಲಿ. ಆ ತ್ಯಾಗ ದೊಡ್ಡದು, ಆ ಹುಡುಗನ ಸಾಧನೆ ಅದಕ್ಕಿಂತ ದೊಡ್ಡದು. ಆದರೆ ದಿನಗೂಲಿಯ ತಂದೆಯೊಬ್ಬ ಇದೇ ತ್ಯಾಗ ಮಾಡಲು ಮನಸ್ಸು ಮಾಡಿದರೂ ಅವನಿಂದ ಆಗದು. ಒಂದು ದಿನ ಕೆಲಸ ಬಿಟ್ಟರೆ ಆ ಸಂಜೆಯೇ ಒಲೆ ಉರಿಯದು.

ಹಣದಷ್ಟೇ ಮುಖ್ಯವಾದ ಇನ್ನೊಂದಿದೆ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದ್ಯು ಅದನ್ನು ಸಾಂಸ್ಕೃತಿಕ ಬಂಡವಾಳ ಎಂದು ಕರೆದರು. ಮನೆಯಲ್ಲಿ ಪುಸ್ತಕವಿರುವುದು, ಊಟದ ಹೊತ್ತಿಗೆ ದೊಡ್ಡವರು ಮಕ್ಕಳ ಜೊತೆ ಚರ್ಚಿಸುವುದು, ಮೇಷ್ಟರ ಮುಂದೆ ಹೆದರದೆ ಪ್ರಶ್ನೆ ಕೇಳುವ ರೂಢಿ, ಯಾವ ಪರೀಕ್ಷೆಗೆ ಯಾವಾಗ ಅರ್ಜಿ ಎಂಬ ತಿಳಿವಳಿಕೆ ಇವೆಲ್ಲ ಅದರೊಳಗೆ ಬರುತ್ತವೆ. ಶಾಲೆ ಇದನ್ನು ಕಲಿಸುವುದಿಲ್ಲ, ಆದರೆ ಇದಕ್ಕೆ ಅಂಕ ಕೊಡುತ್ತದೆ. ಮನೆಯಿಂದ ತಂದದ್ದನ್ನು ಮಗುವಿನ ಹುಟ್ಟುಗುಣ ಎಂದು ನಾವು ತಿಳಿಯುತ್ತೇವೆ.

ನೊಬೆಲ್ ವಿಜೇತರನ್ನೇ ಬಿಟ್ಟ ಪಟ್ಟಿ

ಹಾಗಾದರೆ ವೈಜ್ಞಾನಿಕವಾಗಿ ಪರೀಕ್ಷೆ ಮಾಡಿದರೆ ಸರಿಹೋಗುವುದಿಲ್ಲವೇ? ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲೂಯಿಸ್ ಟರ್ಮನ್ ಎಂಬ ಮನಶ್ಶಾಸ್ತ್ರಜ್ಞ 1921ರಲ್ಲಿ ಇದನ್ನೇ ಮಾಡಲು ಹೊರಟರು. ಕ್ಯಾಲಿಫೋರ್ನಿಯಾದ ಶಾಲೆಗಳಿಂದ ಸುಮಾರು 1,500 ಅತಿ ಬುದ್ಧಿವಂತ ಮಕ್ಕಳನ್ನು ಆರಿಸಿ, ಅವರ ಬದುಕನ್ನು ದಶಕಗಳ ಕಾಲ ಹಿಂಬಾಲಿಸುವುದು ಅವರ ಯೋಜನೆ. ಮೊದಲು ಶಿಕ್ಷಕರು ತಮ್ಮ ತರಗತಿಯ ಜಾಣ ಮಕ್ಕಳ ಹೆಸರು ಕೊಡಬೇಕು, ಆಮೇಲೆ ಆ ಮಕ್ಕಳಿಗೆ ಬುದ್ಧಿಮತ್ತೆಯ ಪರೀಕ್ಷೆ.

ಆಯ್ಕೆಯಾದವರಲ್ಲಿ ಬಿಳಿಯ, ಮಧ್ಯಮ ವರ್ಗದ, ಓದಿದ ಮನೆಗಳ ಮಕ್ಕಳದೇ ಮೇಲುಗೈ. ಶಿಕ್ಷಕರು ಹೆಸರು ಕೊಡದ ಮಗು ಸಾಮಾನ್ಯವಾಗಿ ಪರೀಕ್ಷೆಯವರೆಗೂ ಬರುವಂತಿರಲಿಲ್ಲ. ಪರೀಕ್ಷೆಗೆ ಕೂತು ಸಾಕಷ್ಟು ಅಂಕ ಬರದೆ ಹೊರಬಿದ್ದ ಇಬ್ಬರು ಹುಡುಗರ ಹೆಸರು ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಆಲ್ವರೆಜ್. ಶಾಕ್ಲಿಗೆ 1956ರಲ್ಲಿ, ಆಲ್ವರೆಜ್‌ಗೆ 1968ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಆಯ್ಕೆಯಾದವರಲ್ಲಿ ಒಬ್ಬರಿಗೂ ನೊಬೆಲ್ ಬರಲಿಲ್ಲ. ಅವರಲ್ಲಿ ಅನೇಕರು ಒಳ್ಳೆಯ ಕೆಲಸ ಮಾಡಿದರು, ನಿಜ. ಆದರೆ ಪರೀಕ್ಷೆಯೂ ತಪ್ಪಬಹುದು, ಅದಕ್ಕೂ ಮೊದಲು ಯಾರನ್ನು ಪರೀಕ್ಷೆಗೆ ಕೂರಿಸಬೇಕು ಎಂಬಲ್ಲೇ ಅರ್ಧ ತೀರ್ಮಾನ ಆಗಿಹೋಗಿರುತ್ತದೆ ಎಂಬ ಪಾಠ ಇದರಲ್ಲಿದೆ.

ಮೇಷ್ಟರ ಕಣ್ಣು, ಹೆಸರಿನ ಹಿಂದಿನ ಜಾತಿ

ನಮ್ಮ ಶಾಲೆಗಳಲ್ಲಿ ಪ್ರತಿಭೆಯನ್ನು ಮೊದಲು ಕಾಣಬೇಕಾದವರು ಶಿಕ್ಷಕರು. ಹಾಗೆ ಕಂಡು ಬೆಳೆಸಿದ ಮೇಷ್ಟರುಗಳ ಋಣದಲ್ಲಿ ಕರ್ನಾಟಕ ಇದೆ. ಅದನ್ನು ಒಪ್ಪಿಕೊಂಡೇ ಇನ್ನೊಂದು ಸತ್ಯವನ್ನೂ ನೋಡಬೇಕು.

ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಸಂಶೋಧಕಿಯರು ಉತ್ತರ ಪ್ರದೇಶದ ಹಳ್ಳಿಗಳ ಆರು, ಏಳನೇ ತರಗತಿಯ ಹುಡುಗರಿಗೆ ಚಕ್ರವ್ಯೂಹದಂಥ ಒಗಟುಗಳನ್ನು ಬಿಡಿಸಲು ಕೊಟ್ಟರು. ಜಾತಿಯ ಮಾತೆತ್ತದೆ ಇದ್ದಾಗ ಮೇಲ್ಜಾತಿಯ ಹುಡುಗರಿಗೂ ಕೆಳಜಾತಿಯ ಹುಡುಗರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಪ್ರತಿಯೊಬ್ಬರ ಹೆಸರು, ಜಾತಿಯನ್ನು ಎಲ್ಲರೆದುರು ಗಟ್ಟಿಯಾಗಿ ಓದಿದ ಮೇಲೆ ಕೆಳಜಾತಿಯ ಹುಡುಗರು ಬಿಡಿಸಿದ ಒಗಟುಗಳ ಸಂಖ್ಯೆ ಗಮನಾರ್ಹವಾಗಿ ಇಳಿಯಿತು. ಅದೇ ಹುಡುಗರು, ಅದೇ ಬುದ್ಧಿ. ಬದಲಾದದ್ದು ಕೋಣೆಯೊಳಗಿನ ಗಾಳಿ ಮಾತ್ರ.

ರೀಮಾ ಹನ್ನಾ ಮತ್ತು ಲೀ ಲಿಂಡನ್ ನಡೆಸಿದ, 2012ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವೂ ಭಾರತದ್ದೇ. ಮಕ್ಕಳ ಉತ್ತರ ಪತ್ರಿಕೆಗಳ ಮೇಲೆ ಜಾತಿ, ಲಿಂಗ, ವಯಸ್ಸನ್ನು ಚೀಟಿ ಎತ್ತಿದಂತೆ ನಮೂದಿಸಿ ಶಿಕ್ಷಕರಿಗೆ ತಿದ್ದಲು ಕೊಟ್ಟರು. ಕೆಳಜಾತಿ ಎಂದು ನಮೂದಾದ ಪತ್ರಿಕೆಗಳಿಗೆ ಸ್ವಲ್ಪ ಕಡಿಮೆ ಅಂಕ ಬಿತ್ತು. ವ್ಯತ್ಯಾಸ ಸಣ್ಣದೇ. ಆದರೆ ಒಂದನೇ ತರಗತಿಯಿಂದ ಹತ್ತನೆಯವರೆಗೆ ಪ್ರತಿ ಪರೀಕ್ಷೆ, ಪ್ರತಿ ಹಾಜರಿ, ಪ್ರತಿ ಸ್ಪರ್ಧೆಯ ಆಯ್ಕೆಯಲ್ಲೂ ಇಂಥ ಸಣ್ಣ ವ್ಯತ್ಯಾಸ ಸೇರುತ್ತಾ ಹೋದರೆ ಮಗು ತನ್ನ ಬಗ್ಗೆ ತಾನೇ ಏನು ತಿಳಿಯುತ್ತದೆ ಎಂದು ಯೋಚಿಸಿ. ಒಬ್ಬನಿಗೆ ‘ಚೂಟಿ ಹುಡುಗ’ ಎಂಬ ಹೆಸರು, ಇನ್ನೊಬ್ಬನಿಗೆ ‘ಅಧಿಕಪ್ರಸಂಗಿ’ ಎಂಬ ಹೆಸರು ಬೀಳಲು ಎಷ್ಟೋ ಸಲ ಕಾರಣ ಮಗು ಕೇಳಿದ ಪ್ರಶ್ನೆಯಲ್ಲ, ಕೇಳಿದವನು ಯಾರ ಮಗ ಎಂಬುದು.

ಸಂತೆಯ ಲೆಕ್ಕಕ್ಕೆ ಅಂಕವಿಲ್ಲ

ಪ್ರತಿಭೆ ಯಾವ ರೂಪದಲ್ಲಿ ಬಂದರೆ ನಾವು ಒಪ್ಪುತ್ತೇವೆ ಎಂಬುದೂ ಮುಖ್ಯ. ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ವ್ಯಾಪಾರಕ್ಕೆ ಕೂರುವ ಮಕ್ಕಳ ಬಗ್ಗೆ ಅರ್ಥಶಾಸ್ತ್ರದ ನೊಬೆಲ್ ಪುರಸ್ಕೃತರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಸಂಶೋಧಕರ ಕಡೆಯವರು ಗಿರಾಕಿಗಳಂತೆ ಹೋಗಿ ಬೇಕೆಂದೇ ತೊಡಕಿನ ತೂಕದಲ್ಲಿ ಕೊಂಡರು. ಕಿಲೋಗೆ 20 ರೂಪಾಯಿಯ ಆಲೂಗಡ್ಡೆ 800 ಗ್ರಾಂ, 15 ರೂಪಾಯಿಯ ಈರುಳ್ಳಿ 1 ಕಿಲೋ 400 ಗ್ರಾಂ, ಕೊಟ್ಟದ್ದು 200ರ ನೋಟು, ಚಿಲ್ಲರೆ ಎಷ್ಟು ಎಂಬಂಥ ಲೆಕ್ಕ. ಹೆಚ್ಚಿನ ಮಕ್ಕಳು ಕಾಗದ, ಪೆನ್ನು ಇಲ್ಲದೆ ಸರಿಯಾಗಿ ಹೇಳಿದರು.

ಆದರೆ ಶಾಲೆಯ ಪುಸ್ತಕದಲ್ಲಿರುವಂತೆ ಬರೆದ ಭಾಗಾಕಾರ, ವ್ಯವಕಲನ ಕೊಟ್ಟರೆ ಅವೇ ಮಕ್ಕಳು ತಡವರಿಸಿದರು. ವ್ಯಾಪಾರ ಮಾಡದ, ಶಾಲೆಗೆ ಮಾತ್ರ ಹೋಗುವ ಮಕ್ಕಳದು ಇದಕ್ಕೆ ತಿರುವುಮುರುವು. ಎರಡೂ ಕಡೆಯ ಮಕ್ಕಳಿಗೆ ಸಾಮರ್ಥ್ಯವಿತ್ತು. ನಮ್ಮ ಪರೀಕ್ಷೆಗಳಲ್ಲಿ ಅಂಕ ಸಿಗುವುದು ಒಂದೇ ಬಗೆಯ ಸಾಮರ್ಥ್ಯಕ್ಕೆ. ತಲೆಯಲ್ಲಿ ಇಷ್ಟು ಲೆಕ್ಕ ಓಡಿಸುವ ಹುಡುಗಿಯನ್ನು ಗಣಿತದಲ್ಲಿ ಹಿಂದೆ ಎಂದು ಪಟ್ಟಿ ಮಾಡುವ ಶಾಲೆ ಅವಳ ಬಗ್ಗೆ ಏನನ್ನೂ ತಿಳಿದುಕೊಂಡಿಲ್ಲ.

ನವೋದಯದ ಬಾಗಿಲಲ್ಲಿ ಕೋಚಿಂಗ್

ಸರ್ಕಾರಕ್ಕೆ ಈ ಅಸಮಾನತೆ ತಿಳಿಯದ್ದಲ್ಲ. ಹಳ್ಳಿಯ ಜಾಣ ಮಕ್ಕಳಿಗಾಗಿಯೇ 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಹೊತ್ತಿನಲ್ಲಿ ಜವಾಹರ ನವೋದಯ ವಿದ್ಯಾಲಯಗಳು ಹುಟ್ಟಿದವು. ಆರನೇ ತರಗತಿಗೆ ಪ್ರವೇಶ, ಶೇ 75ರಷ್ಟಾದರೂ ಸೀಟು ಗ್ರಾಮೀಣ ಮಕ್ಕಳಿಗೆ, ಊಟ ವಸತಿ ಉಚಿತ, ಪ್ರವೇಶ ಪರೀಕ್ಷೆ ಕನ್ನಡದಲ್ಲೂ ಬರೆಯಬಹುದು. 100 ಅಂಕದ ಪರೀಕ್ಷೆಯಲ್ಲಿ ಅರ್ಧ ಅಂಕ ಮಾನಸಿಕ ಸಾಮರ್ಥ್ಯಕ್ಕೆ. ಅಂದರೆ ಚಿತ್ರಗಳಲ್ಲಿ ಹೊಂದದ್ದನ್ನು ಆರಿಸು, ಕನ್ನಡಿಯ ಬಿಂಬ ಗುರುತಿಸು ಎಂಬಂಥ ಪ್ರಶ್ನೆಗಳು. ಪುಸ್ತಕ ಓದದ ಮಗುವೂ ಬುದ್ಧಿಯಿಂದ ಬಿಡಿಸಲಿ ಎಂಬುದೇ ಇದರ ಉದ್ದೇಶ.

ಆದರೆ ಇಂಥ ಪ್ರಶ್ನೆಗಳಿಗೂ ತಾಲೀಮು ಮಾಡಿಸಬಹುದು ಎಂದು ಮಾರುಕಟ್ಟೆ ಬೇಗನೆ ಕಂಡುಕೊಂಡಿತು. ಇಂದು ಧಾರವಾಡ, ವಿಜಯಪುರದಂಥ ಊರುಗಳಲ್ಲಿ ‘ನವೋದಯ, ಸೈನಿಕ, ಮೊರಾರ್ಜಿ ಕೋಚಿಂಗ್’ ಎಂಬ ಬೋರ್ಡುಗಳು ಕಾಣುತ್ತವೆ. ನಾಲ್ಕು, ಐದನೇ ತರಗತಿಯ ಮಕ್ಕಳನ್ನು ಹಾಸ್ಟೆಲಿನಲ್ಲಿ ಇರಿಸಿಕೊಂಡು ವರ್ಷಪೂರ್ತಿ ಪರೀಕ್ಷೆಯ ಮೇಲೆ ಪರೀಕ್ಷೆ ಬರೆಸುವವರೂ ಇದ್ದಾರೆ. ನವೋದಯ ಪರೀಕ್ಷೆಯನ್ನು ಒಂದು ಮಗು ಒಮ್ಮೆ ಮಾತ್ರ ಬರೆಯಬಹುದು. ಆ ಒಂದು ದಿನಕ್ಕೆ ವರ್ಷವಿಡೀ ತಯಾರಾದ ಮಗುವಿನ ಪಕ್ಕದ ಬೆಂಚಿನಲ್ಲಿ, ಓಎಂಆರ್ ಹಾಳೆಯನ್ನು ಮೊದಲ ಸಲ ನೋಡುತ್ತಿರುವ ಮಗು ಕೂತಿರುತ್ತದೆ. ಬಡ ಮಗುವಿಗೆಂದು ತೆರೆದ ಬಾಗಿಲ ಮುಂದೆ ಫೀಸು ಕೊಟ್ಟವರ ಸಾಲು ಬೆಳೆದಿದೆ.

ಪರೀಕ್ಷೆಗಿಂತ ಮುಂಚೆ ಅರ್ಜಿಯ ಘಟ್ಟ. ಕೇಂದ್ರದ ಎನ್‌ಎಂಎಂಎಸ್ ವಿದ್ಯಾರ್ಥಿವೇತನವನ್ನೇ ನೋಡಿ. ಸರ್ಕಾರಿ, ಅನುದಾನಿತ ಶಾಲೆಯ ಎಂಟನೇ ತರಗತಿ ಮಕ್ಕಳಿಗೆ ಪರೀಕ್ಷೆ. ಕುಟುಂಬದ ವಾರ್ಷಿಕ ಆದಾಯ ಮೂರೂವರೆ ಲಕ್ಷ ರೂಪಾಯಿ ಮೀರಿರಬಾರದು. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ. ಒಬ್ಬ ಹುಡುಗಿಯ ಓದು ನಿಲ್ಲದೆ ಮುಂದುವರಿಯಲು ಈ ಹಣ ಸಾಕಾಗಬಹುದು. ಆದರೆ ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಹೋಗಬೇಕು. ಆಧಾರ್‌ನಲ್ಲಿ ಅಪ್ಪನ ಹೆಸರಿನ ಇನಿಶಿಯಲ್ ಇದ್ದು ಶಾಲೆಯ ದಾಖಲೆಯಲ್ಲಿ ಇಲ್ಲದಿದ್ದರೆ ತಿದ್ದುಪಡಿಗೆ ಮತ್ತೊಂದು ಕಡೆ ಅಲೆಯಬೇಕು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಓಟಿಪಿ ಬರುವ ಮೊಬೈಲು ದುಡಿಯಲು ಬೇರೆ ಊರಿಗೆ ಹೋದ ಅಪ್ಪನ ಜೇಬಿನಲ್ಲಿರುತ್ತದೆ. ಕೊನೆಯ ದಿನಾಂಕ ದಾಟಿದರೆ ಆ ಹುಡುಗಿ ಫೇಲಾದವರ ಲೆಕ್ಕಕ್ಕೂ ಸಿಗುವುದಿಲ್ಲ.

ಕಂಡರೆ ಸಾಲದು, ಕಾಪಾಡಬೇಕು

ಪ್ರತಿಭೆ ಕಣ್ಣಿಗೆ ಬಿದ್ದ ಮೇಲೂ ಮನೆಯ ಸ್ಥಿತಿ ಅದರ ದಾರಿಯನ್ನು ನಿರ್ಧರಿಸುತ್ತದೆ. 1929ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿಯವರ ತಂದೆ ಸರ್ಕಸ್ ಕಲಾವಿದರು. ಮೂರು ವರ್ಷದ ಮಗಳಿಗೆ ಇಸ್ಪೀಟಿನ ಆಟ ಹೇಳಿಕೊಡುವಾಗ ಅವಳ ನೆನಪಿನ ಶಕ್ತಿ ತಂದೆಗೆ ತಿಳಿಯಿತು. ಅವರು ಅವಳನ್ನು ಊರೂರಿಗೆ ಕರೆದೊಯ್ದು ಪ್ರದರ್ಶನ ಕೊಡಿಸಿದರು. ಆ ದುಡಿಮೆಯಿಂದ ಮನೆ ನಡೆಯಿತು.

1980ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಅವರು 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿ ಗಿನ್ನೆಸ್ ದಾಖಲೆಗೆ ಸೇರಿದರು. ಜಗತ್ತು ಚಪ್ಪಾಳೆ ತಟ್ಟಿತು. ಆದರೆ ಅವರಿಗೆ ಶಾಲೆಯ ಕ್ರಮಬದ್ಧ ಶಿಕ್ಷಣ ಸಿಗಲೇ ಇಲ್ಲ. ಅಷ್ಟು ಚಿಕ್ಕ ವಯಸ್ಸಿನಲ್ಲೇ ಅವರ ಶಕ್ತಿ ಎಲ್ಲರಿಗೂ ಕಂಡಿತ್ತು. ವಿಶ್ವವಿದ್ಯಾಲಯಗಳು ಅವರನ್ನು ವೇದಿಕೆಗೆ ಕರೆದವು, ತರಗತಿಗೆ ಕರೆಯಲಿಲ್ಲ. ಓದಿದ, ಉಳ್ಳ ಮನೆಯಲ್ಲಿ ಹುಟ್ಟಿದ್ದರೆ ಇದೇ ಮಗುವಿಗೆ ಗಣಿತದ ಗುರುಗಳು ಸಿಗುತ್ತಿದ್ದರು.

ಎಲ್ಲರನ್ನೂ ನೋಡಿದಾಗ ಏನಾಯಿತು

ಇದಕ್ಕೆ ಪರಿಹಾರವಿದೆ ಎಂದು ತೋರಿಸಿದ ಒಂದು ಪ್ರಯೋಗ ಅಮೆರಿಕದ ಫ್ಲಾರಿಡಾ ರಾಜ್ಯದ ಬ್ರೋವರ್ಡ್ ಕೌಂಟಿಯಲ್ಲಿ ನಡೆಯಿತು. ಅಲ್ಲಿ ಪ್ರತಿಭಾವಂತ ಮಕ್ಕಳಿಗೆ ವಿಶೇಷ ತರಗತಿಗಳಿದ್ದವು. ಶಿಕ್ಷಕರೋ ಪೋಷಕರೋ ಹೆಸರು ಸೂಚಿಸಿದ ಮಕ್ಕಳಿಗೆ ಮಾತ್ರ ಪರೀಕ್ಷೆ. ಉಳ್ಳವರು ಖಾಸಗಿ ಮನಶ್ಶಾಸ್ತ್ರಜ್ಞರಿಗೆ ಹಣ ಕೊಟ್ಟು ಮಗುವನ್ನು ಪರೀಕ್ಷೆ ಮಾಡಿಸುತ್ತಿದ್ದರು. ಬಡವರ, ಕಪ್ಪು ಜನರ, ವಲಸಿಗರ ಮಕ್ಕಳು ಆ ತರಗತಿಗಳಲ್ಲಿ ತೀರಾ ಕಡಿಮೆ.

2005ರಲ್ಲಿ ಜಿಲ್ಲೆಯವರು ನಿಯಮ ಬದಲಿಸಿದರು. ಎರಡನೇ ತರಗತಿಯ ಪ್ರತಿ ಮಗುವಿಗೂ, ಯಾರ ಶಿಫಾರಸೂ ಬೇಕಿಲ್ಲದೆ, ಭಾಷೆಯ ಹಂಗಿಲ್ಲದ ಚಿತ್ರರೂಪದ ಒಂದು ಸಣ್ಣ ಪರೀಕ್ಷೆ. ಅದರಲ್ಲಿ ಮುಂದೆ ಬಂದವರಿಗೆ ಶಾಲೆಯ ಖರ್ಚಿನಲ್ಲೇ ಪೂರ್ಣ ಪರೀಕ್ಷೆ. ಡೇವಿಡ್ ಕಾರ್ಡ್ ಮತ್ತು ಲಾರಾ ಜೂಲಿಯಾನೊ ಎಂಬ ಅರ್ಥಶಾಸ್ತ್ರಜ್ಞರು ಇದರ ಫಲವನ್ನು ಅಳೆದರು. ಅನುಕೂಲವಂಚಿತ ಮಕ್ಕಳಲ್ಲಿ ಪ್ರತಿಭಾವಂತರೆಂದು ಗುರುತಾದವರ ಪ್ರಮಾಣ ಶೇ 180ರಷ್ಟು ಏರಿತ್ತು. ಇವರಾರೂ ಹೊಸದಾಗಿ ಜಾಣರಾದವರಲ್ಲ. ಮೊದಲೂ ಅದೇ ಬೆಂಚಿನಲ್ಲಿ ಕೂತಿದ್ದರು, ಯಾರೂ ನೋಡಿರಲಿಲ್ಲ. ಮುಂದೆ ಹಣದ ಕೊರತೆಯಿಂದ ಈ ಕಾರ್ಯಕ್ರಮ ನಿಂತಾಗ ಆ ಏರಿಕೆಯೂ ಕರಗಿಹೋಯಿತು.

ನೋಡದೆ ಹೋದರೆ ಆಗುವ ನಷ್ಟ ಎಷ್ಟೆಂದೂ ಅಂದಾಜಿದೆ. ರಾಜ್ ಚೆಟ್ಟಿ ಮತ್ತು ಸಂಗಡಿಗರು ಅಮೆರಿಕದಲ್ಲಿ ಪೇಟೆಂಟ್ ಪಡೆದವರ ಬಾಲ್ಯವನ್ನು ಜಾಲಾಡಿದರು. ಅತಿ ಸಿರಿವಂತ ಶೇ 1ರಷ್ಟು ಮನೆಗಳ ಮಕ್ಕಳು ಸಂಶೋಧಕರಾಗುವ ಸಾಧ್ಯತೆ, ಮಧ್ಯಮಕ್ಕಿಂತ ಕಡಿಮೆ ಆದಾಯದ ಮನೆಗಳ ಮಕ್ಕಳಿಗಿಂತ ಹತ್ತು ಪಟ್ಟು ಹೆಚ್ಚು. ಮೂರನೇ ತರಗತಿಯ ಗಣಿತದಲ್ಲಿ ಸರಿಸಮ ಅಂಕ ಪಡೆದ ಮಕ್ಕಳ ನಡುವೆಯೂ ಈ ಅಂತರ ಪೂರ್ತಿ ಅಳಿಯಲಿಲ್ಲ.

ನಮ್ಮ ನೆಲದಲ್ಲೇ ಇರುವ ಮಾದರಿ

ಹುಡುಕಿಕೊಂಡು ಹೋಗುವ ಕೆಲಸ ಕರ್ನಾಟಕಕ್ಕೆ ಹೊಸದಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೋಡಿ. ಪಂಚಾಕ್ಷರಿ ಗವಾಯಿಗಳಿಗೆ ಕಣ್ಣು ಕಾಣುತ್ತಿರಲಿಲ್ಲ. ಶಿಷ್ಯರನ್ನು ಕಟ್ಟಿಕೊಂಡು ಊರೂರು ಸುತ್ತಿ ಅಂಧ, ಅನಾಥ, ಬಡ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದರು. ಎಳವೆಯಲ್ಲೇ ದೃಷ್ಟಿ ಕಳೆದುಕೊಂಡ ಪುಟ್ಟರಾಜರು ಅವರ ಕೈಗೆ ಬಂದು, ಹಲವು ವಾದ್ಯಗಳನ್ನು ನುಡಿಸುವ ಗವಾಯಿಗಳಾಗಿ, ಆಶ್ರಮವನ್ನು ಮುನ್ನಡೆಸಿದರು. ಬಸವರಾಜ ರಾಜಗುರು ಅವರಂಥ ದೊಡ್ಡ ಗಾಯಕರೂ ಪಂಚಾಕ್ಷರಿ ಗವಾಯಿಗಳ ಶಿಷ್ಯರೇ. ಆಗ ಸಮಾಜ ಅಂಧ ಮಗುವಿನಲ್ಲಿ ಕಂಡದ್ದು ಭಿಕ್ಷೆಯ ಬದುಕನ್ನು, ಗವಾಯಿಗಳು ಕಂಡದ್ದು ಕಂಠವನ್ನು.

ಅರ್ಹತೆ ಎಂದರೆ ಬರಿಯ ಅಂಕವೇ ಎಂಬ ಪ್ರಶ್ನೆಯೂ ನಮಗೆ ಹಳೆಯದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1918ರಲ್ಲಿ ರಚನೆಯಾದ ಲೆಸ್ಲಿ ಮಿಲ್ಲರ್ ಸಮಿತಿ ಇದೇ ವಾದವನ್ನು ಎದುರಿಸಿತು. ದಕ್ಷತೆಯನ್ನು ಪರೀಕ್ಷೆಯ ಅರ್ಹತೆಯಿಂದಷ್ಟೇ ಅಳೆಯಲಾಗದು ಎಂದು ಅದು ಹೇಳಿತು. ಹಿಂದುಳಿದವರಿಗೆ ಸರ್ಕಾರಿ ಹುದ್ದೆಯ ಜೊತೆ ವಿದ್ಯಾರ್ಥಿವೇತನವೂ ಬೇಕೆಂದಿತು. ಸಿದ್ದಗಂಗೆಯಂಥ ಮಠಗಳ ಉಚಿತ ವಿದ್ಯಾರ್ಥಿನಿಲಯಗಳು, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲುಗಳು ಓದುವ ಮನೆ ಇಲ್ಲದ ಮಕ್ಕಳಿಗೆ ಓದುವ ಮನೆಯಾದವು.

‘ಕೂಲಿಕಾರನ ಮಗಳು ರಾಜ್ಯಕ್ಕೆ ಪ್ರಥಮ’ ಎಂಬ ಸುದ್ದಿ ಪ್ರತಿವರ್ಷ ಓದುತ್ತೇವೆ, ಸಂತೋಷಪಡುತ್ತೇವೆ. ಬಡತನ ಅಡ್ಡಿಯಲ್ಲ, ಛಲ ಬೇಕು ಎಂಬ ಪಾಠವನ್ನೂ ತೆಗೆಯುತ್ತೇವೆ. ಪಾಠ ಅದಲ್ಲ. 2024ರ ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 625 ಅಂಕ ಪಡೆದ ಹುಡುಗಿ ಬಾಗಲಕೋಟೆ ಜಿಲ್ಲೆಯ ಒಂದು ಮೊರಾರ್ಜಿ ದೇಸಾಯಿ ವಸತಿ ಶಾಲೆಯವಳು. ಛಲ ಅವಳದು. ಆದರೆ ಹೊತ್ತಿಗೆ ಸರಿಯಾಗಿ ಊಟ, ಓದಲು ದೀಪ, ಕೇಳಿದರೆ ಹೇಳಿಕೊಡುವ ಶಿಕ್ಷಕರು ಸರ್ಕಾರದ ವಸತಿ ಶಾಲೆಯಿಂದ ಬಂದವು. ಅಂಥ ಶಾಲೆಯಲ್ಲಿ ಸೀಟು ಸಿಗದ ಅವಳಷ್ಟೇ ಛಲದ ಹುಡುಗಿಯರ ಸುದ್ದಿ ಪತ್ರಿಕೆಗೆ ಬರುವುದಿಲ್ಲ.

ಮಾಡಬಹುದಾದದ್ದು

ಪ್ರತಿಭೆಯನ್ನು ಹೊತ್ತು ತರುವ ಹೊಣೆಯನ್ನು ಪೋಷಕರ ಮೇಲೆ ಬಿಟ್ಟಷ್ಟು ಕಾಲ ಉಳ್ಳವರ ಮಕ್ಕಳೇ ಕಾಣುತ್ತಾರೆ. ಆ ಹೊಣೆಯನ್ನು ಶಾಲೆ ಮತ್ತು ಸರ್ಕಾರ ಹೊರಬೇಕು. ಐದನೇ ತರಗತಿಯ ಪ್ರತಿ ಮಗುವನ್ನೂ ಅದರದೇ ಶಾಲೆಯಲ್ಲಿ, ಅದರದೇ ಭಾಷೆಯಲ್ಲಿ ಪರೀಕ್ಷಿಸಿ, ವಸತಿ ಶಾಲೆಗಳಿಗೆ ಅರ್ಜಿಯನ್ನು ಶಾಲೆಯೇ ಹಾಕಬೇಕು. ಆದಾಯದ ದಾಖಲೆ ಸರ್ಕಾರದ ಬಳಿಯೇ ಇರುವಾಗ ಮಗು ನಾಡಕಚೇರಿಗೆ ಅಲೆಯುವುದು ನಿಲ್ಲಬೇಕು. ಸರ್ಕಾರಿ ಶಾಲೆಗೆ ಸಂಗೀತ, ಚಿತ್ರಕಲೆ, ದೈಹಿಕ ಶಿಕ್ಷಣದ ಶಿಕ್ಷಕರು ಬೇಕು. ಅವರಿಲ್ಲದ ಶಾಲೆಯಲ್ಲಿ ಹಾಡುವ, ಓಡುವ, ಚಿತ್ರ ಬಿಡಿಸುವ ಮಗುವನ್ನು ಬೆಲೆ ತಿಳಿದು ನೋಡುವವರೇ ಇಲ್ಲ. ಸ್ಪರ್ಧೆಗಳಲ್ಲಿ ಬಾಡಿಗೆಯ ವೇಷಕ್ಕೆ ಅಂಕ ಕೊಡುವುದನ್ನು ಬಿಡಬೇಕು.

ಸಂಘಗಳು ನಡೆಸುವ ಪ್ರತಿಭಾ ಪುರಸ್ಕಾರಗಳಲ್ಲಿ ಶೇ 95 ದಾಟಿದವರಿಗೆ ಶಾಲು, ಸ್ಮರಣಿಕೆ ಕೊಡುವುದು ಒಳ್ಳೆಯದೇ. ಅದೇ ಹಣದ ಒಂದು ಪಾಲನ್ನು ಎಂಟನೇ ತರಗತಿಯ ಹತ್ತು ಮಕ್ಕಳ ಪರೀಕ್ಷಾ ತಯಾರಿಗೆ ಇಟ್ಟರೆ ಅದು ಇನ್ನೂ ದೊಡ್ಡ ಪುರಸ್ಕಾರ.

ಓದುಗರಲ್ಲಿ ಒಂದು ವಿನಂತಿ. ಈ ವಾರ ನಿಮ್ಮ ಊರಿನ ಸರ್ಕಾರಿ ಶಾಲೆಗೆ ಹೋಗಿ ಮುಖ್ಯ ಶಿಕ್ಷಕರನ್ನು ಕೇಳಿ: ಐದನೇ ತರಗತಿಯ ಎಷ್ಟು ಮಕ್ಕಳು ನವೋದಯ, ಮೊರಾರ್ಜಿ ಪರೀಕ್ಷೆಗೆ ಅರ್ಜಿ ಹಾಕಿದ್ದಾರೆ? ಎಂಟನೇ ತರಗತಿಯವರಲ್ಲಿ ಎಷ್ಟು ಜನ ಎನ್‌ಎಂಎಂಎಸ್ ಬರೆಯುತ್ತಿದ್ದಾರೆ? ಯಾರ ದಾಖಲೆ ಬಾಕಿ ಇದೆ? ಒಂದು ಮಗುವಿನ ಕಾಗದಪತ್ರ ಸರಿಮಾಡಿಸಿ, ಹಳೆಯ ಪ್ರಶ್ನೆಪತ್ರಿಕೆಯ ಒಂದು ಪ್ರತಿ ಕೊಡಿಸಿ, ಪರೀಕ್ಷೆಯ ದಿನ ಕೇಂದ್ರಕ್ಕೆ ಬಸ್ಸಿನ ವ್ಯವಸ್ಥೆ ಮಾಡಿ. ನಿಮ್ಮ ಮಗುವಿಗೆ ನೀವು ಮಾಡುವುದರಲ್ಲಿ ಇದು ಅಲ್ಪ ಭಾಗ. ಆ ಮಗುವಿಗೆ ಇದುವರೆಗೆ ಅಷ್ಟನ್ನೂ ಯಾರೂ ಮಾಡಿಲ್ಲ.